ಪ್ಲೇಟ್‌ಲೆಟ್ ತಡೆದ ಪ್ರತಿಕಾಯ

ಡೆಂಗಿ ಹಬ್ಬಿದ ಮಳೆಗಾಲದಲ್ಲಿ ನಮ್ಮ ಮನೆಮನೆಯಲ್ಲೂ ಕೇಳುವ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ ನೆಮ್ಮದಿ. ಆದರೆ ಲೆಕ್ಕ ಸರಿಯಿದ್ದೂ ರಕ್ತ ನಿಲ್ಲದ ಮಕ್ಕಳಿದ್ದಾರೆ. ಮೂಗು, ವಸಡುಗಳಿಂದ ರಕ್ತ ಸೋರುವ ಈ ಹುಟ್ಟು ಕಾಯಿಲೆಯನ್ನು 1918ರಲ್ಲಿ ವಿವರಿಸಿದವರು ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್. ಆ ಮಕ್ಕಳ ಪ್ಲೇಟ್‌ಲೆಟ್‌ಗಳು ಎಣಿಕೆಗೆ ಸಿಗುತ್ತವೆ, ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಕಾರಣ ತಿಳಿಯಲು ಅರ್ಧ ಶತಮಾನವೇ ಬೇಕಾಯಿತು. 1970ರ ದಶಕದ ನಡುವೆ ಪ್ಯಾರಿಸ್‌ನಲ್ಲಿ ಅಲನ್ ನರ್ಡನ್ ಮತ್ತು ಜಾಕ್ ಕಾನ್ ಆ ಪ್ಲೇಟ್‌ಲೆಟ್‌ಗಳ ಮೈಮೇಲೆ ಇರಬೇಕಾದ ಪ್ರೋಟೀನು ಕಾಣೆಯಾಗಿರುವುದನ್ನು ತೋರಿಸಿದರು. ಅದೇ ಜಿಪಿ 2ಬಿ/3ಎ ಎಂಬ ಜೋಡಿ ಗ್ರಾಹಕ.

ಆರೋಗ್ಯವಂತರ ಒಂದೊಂದು ಪ್ಲೇಟ್‌ಲೆಟ್ ಮೇಲೆ ಇಂಥ ಗ್ರಾಹಕಗಳು ಸುಮಾರು 80 ಸಾವಿರ ಇರುತ್ತವೆ. ಗಾಯವಾದಾಗ ಅವು ರೂಪ ಬದಲಿಸಿ ರಕ್ತದಲ್ಲಿನ ಫೈಬ್ರಿನೋಜನ್ನನ್ನು ಹಿಡಿಯುತ್ತವೆ. ಫೈಬ್ರಿನೋಜನ್ನಿನ ಎರಡೂ ತುದಿಗೆ ಒಂದೊಂದು ಪ್ಲೇಟ್‌ಲೆಟ್ ಸಿಕ್ಕಿಕೊಂಡು ಮುದ್ದೆ ಬೆಳೆಯುತ್ತದೆ. ಬೆರಳು ಕುಯ್ದುಕೊಂಡಾಗ ಜೀವ ಕಾಯುವ ಈ ಮುದ್ದೆಯೇ ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡರೆ ಹೃದಯಾಘಾತ. ಹಾಗಾದರೆ ಗ್ಲಾಂಜ್‌ಮನ್ ಕಾಯಿಲೆಯ ಸ್ಥಿತಿಯನ್ನು ಕೆಲವು ಗಂಟೆಗಳ ಮಟ್ಟಿಗೆ ಬೇಕೆಂದೇ ತಂದುಕೊಡಬಹುದೆ?

ಅದಕ್ಕೆ ಉಪಕರಣ ಒದಗಿದ್ದು ಕೇಂಬ್ರಿಡ್ಜಿನಿಂದ. 1975ರಲ್ಲಿ ಜಾರ್ಜ್ ಕ್ಯೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಪ್ರತಿಕಾಯ ತಯಾರಿಸುವ ಇಲಿಯ ಜೀವಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸಿಕೊಳ್ಳುವ ದಾರಿ ತೆರೆಯಿತು.

ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ ರಕ್ತರೋಗ ತಜ್ಞ ಬ್ಯಾರಿ ಕಾಲರ್ ಆ ದಾರಿ ಹಿಡಿದರು. ಇಡೀ ಕಥೆಯಲ್ಲಿ ನನಗೆ ತೀರ ಇಷ್ಟವಾಗುವುದು ಅವರು ಹೂಡಿದ ಪರೀಕ್ಷೆ. ಫೈಬ್ರಿನೋಜನ್ ಲೇಪಿಸಿದ ಸಣ್ಣ ಮಣಿಗಳಿಗೆ ಆರೋಗ್ಯವಂತರ ಪ್ಲೇಟ್‌ಲೆಟ್ ಸೇರಿಸಿದರೆ ಮಣಿಗಳು ಮುದ್ದೆಗಟ್ಟುತ್ತವೆ. ಗ್ಲಾಂಜ್‌ಮನ್ ರೋಗಿಗಳ ಪ್ಲೇಟ್‌ಲೆಟ್ ಸೇರಿಸಿದರೆ ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಕಾಲರ್ ಹುಡುಕಿದ್ದು ಪ್ಲೇಟ್‌ಲೆಟ್‌ಗೆ ಸುಮ್ಮನೆ ಅಂಟುವ ಪ್ರತಿಕಾಯವನ್ನಲ್ಲ. ಆರೋಗ್ಯವಂತರ ಪ್ಲೇಟ್‌ಲೆಟ್ ಇದ್ದೂ ಮಣಿಗಳನ್ನು ಬಿಡಿಯಾಗಿಯೇ ಉಳಿಸುವಂಥದ್ದನ್ನು. ಅಂಟುವುದು ಬೇರೆ, ಕೆಲಸ ತಡೆಯುವುದು ಬೇರೆ ಎಂಬ ಈ ವಿವೇಕವಿಲ್ಲದಿದ್ದರೆ ನೂರಾರು ಪ್ರತಿಕಾಯಗಳ ನಡುವೆ ಬೇಕಾದದ್ದು ಕೈತಪ್ಪುತ್ತಿತ್ತು.

ಹೀಗೆ ಸಿಕ್ಕು 1983ರಲ್ಲಿ ಪ್ರಕಟವಾದ ಪ್ರತಿಕಾಯ 10ಇ5. ಎರಡು ವರ್ಷದ ನಂತರ ಬಂದ 7ಇ3ಗೆ ಇನ್ನೊಂದು ಗುಣವಿತ್ತು: ಸುಮ್ಮನಿದ್ದ ಪ್ಲೇಟ್‌ಲೆಟ್‌ಗಿಂತ ಕೆರಳಿದ ಪ್ಲೇಟ್‌ಲೆಟ್ಟನ್ನು ಅದು ಬೇಗ ಹಿಡಿಯುತ್ತಿತ್ತು. ಗ್ರಾಹಕ ರೂಪ ಬದಲಿಸುವುದನ್ನು ಪ್ರತಿಕಾಯವೇ ಬಂದು ಹೇಳಿದಂತಾಯಿತು. ನಾಯಿಯ ಪ್ಲೇಟ್‌ಲೆಟ್‌ಗೂ ಅದು ಅಂಟುತ್ತಿದ್ದುದರಿಂದ, ವಿಸ್ಕಾನ್ಸಿನ್‌ನ ಜಾನ್ ಫೋಲ್ಟ್ಸ್ ರೂಪಿಸಿದ್ದ ಕಿರಿದಾದ ಹೃದಯನಾಳದ ಪ್ರಯೋಗದಲ್ಲಿ ಪರೀಕ್ಷಿಸಲು ಸಾಧ್ಯವಾಯಿತು. ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದ ನಾಳದಲ್ಲಿ ಹೆಪ್ಪುಗಟ್ಟುವುದು ನಿಂತಿತು.

ಮನುಷ್ಯರಿಗೆ ಕೊಡಲು ಧೈರ್ಯ ಬೇಕಿತ್ತು. ಗ್ಲಾಂಜ್‌ಮನ್ ರೋಗಿಗಳಲ್ಲಿ ಮೆದುಳಿನೊಳಗೆ ತಾನಾಗಿಯೇ ರಕ್ತ ಸೋರುವುದು ಅಪರೂಪ ಎಂಬ ಅನುಭವ ಇಲ್ಲಿ ಬೆನ್ನಿಗೆ ನಿಂತಿತು. ಆ ರೋಗಿಗಳ ಋಣ ಈ ಔಷಧಿಯ ಮೇಲೆ ಬಹಳ ದೊಡ್ಡದು. ಪೂರ್ತಿ ಪ್ರತಿಕಾಯ ಮೆತ್ತಿಕೊಂಡ ಪ್ಲೇಟ್‌ಲೆಟ್‌ಗಳನ್ನು ದೇಹ ಹೊರಗಿನದೆಂದು ತೆಗೆದುಹಾಕುವ ಅಪಾಯವಿತ್ತು. ಹಾಗಾಗಿ 7ಇ3ರ ಹಿಡಿಯುವ ತುಂಡನ್ನಷ್ಟೇ ಉಳಿಸಿಕೊಂಡರು. ಸೆಂಟೊಕಾರ್ ಕಂಪನಿ ಆ ತುಂಡಿನಲ್ಲಿ ಇಲಿಯ ಭಾಗ ಕಡಿಮೆ ಮಾಡಿ ಮನುಷ್ಯರ ಪ್ರೋಟೀನು ಸೇರಿಸಿತು. ಅದೇ ಆಬ್ಸಿಕ್ಸಿಮ್ಯಾಬ್.

ಎಪಿಕ್ ಎಂಬ ಪ್ರಯೋಗದಲ್ಲಿ ಆಂಜಿಯೊಪ್ಲಾಸ್ಟಿ ಮಾಡಿಸಿಕೊಂಡ, ಅಪಾಯ ಹೆಚ್ಚಿದ್ದ 2,099 ಮಂದಿ ಇದ್ದರು. ಸಾವು, ಹೃದಯಾಘಾತ ಅಥವಾ ತುರ್ತಾಗಿ ಮತ್ತೆ ಚಿಕಿತ್ಸೆ ಬೇಕಾದವರ ಪ್ರಮಾಣ 30 ದಿನಗಳಲ್ಲಿ ಶೇ 12.8ರಿಂದ ಶೇ 8.3ಕ್ಕೆ ಇಳಿಯಿತು. ರಕ್ತಸ್ರಾವ ಮಾತ್ರ ಇಮ್ಮಡಿಯಾಯಿತು. 1994ರ ಕೊನೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರಕ್ತ ಹೆಪ್ಪುಗಟ್ಟದಂತೆ ಜೊತೆಗೆ ಕೊಡುವ ಹೆಪಾರಿನ್ನನ್ನು ರೋಗಿಯ ತೂಕಕ್ಕೆ ತಕ್ಕಂತೆ ತಗ್ಗಿಸಿದರೆ ರಕ್ತಸ್ರಾವವೂ ತಗ್ಗುತ್ತದೆಂಬುದು ಮುಂದಿನ ಎಪಿಲಾಗ್ ಪ್ರಯೋಗದಲ್ಲಿ ಖಚಿತವಾಯಿತು.

ಸ್ಟೆಂಟ್‌ಗಳು ಸುಧಾರಿಸಿ, ಪ್ಲೇಟ್‌ಲೆಟ್ ತಡೆಯುವ ಗುಳಿಗೆಗಳು ಬಂದ ಮೇಲೆ ಆಬ್ಸಿಕ್ಸಿಮ್ಯಾಬ್ ಬಳಕೆ ಕುಗ್ಗಿತು. ಪ್ರಯೋಗಾಲಯದಲ್ಲಿ ಅದರ ಒಡಹುಟ್ಟಿದ 10ಇ5 ಮಾತ್ರ ದುಡಿಯುತ್ತಲೇ ಹೋಯಿತು. 2004ರಲ್ಲಿ ತಿಮೊತಿ ಸ್ಪ್ರಿಂಗರ್ ಅವರ ತಂಡ ಕಾಲರ್ ಜೊತೆಗೂಡಿ ಈ ಗ್ರಾಹಕದ ತಲೆಭಾಗದ ಸ್ಫಟಿಕ ರಚನೆಯನ್ನು ಬಿಡಿಸಿದಾಗ, ಗ್ರಾಹಕವನ್ನು ಹಿಡಿದಿಟ್ಟು ಸ್ಫಟಿಕವಾಗಲು ನೆರವಾದದ್ದು 10ಇ5ರ ತುಂಡೇ. ಫೈಬ್ರಿನೋಜನ್ ಎಲ್ಲಿ ಕೂರುತ್ತದೆ ಎಂಬುದು ಪರಮಾಣು ಮಟ್ಟದಲ್ಲಿ ಕಂಡಿತು. ಅದೇ ಜಾಗಕ್ಕೆ ಹೊಂದುವ ಸಣ್ಣ ಅಣುಗಳ ಹುಡುಕಾಟವನ್ನು ಕಾಲರ್ ಮುಂದೆ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕೈಗೆತ್ತಿಕೊಂಡರು.