‘ವಿಯಾಹೆ’ ಶಬ್ದಕ್ಕೆ ಆಂಗ್ಲ ಪ್ರತಿಪದ

ಸ್ಪ್ಯಾನಿಷ್ ಭಾಷೆಯ ಪ್ರಯಾಣವಾಚಕಗಳಲ್ಲಿ ಬಹು ವ್ಯಾಪಕವಾದುದು ‘ವಿಯಾಹೆ’ ಎಂಬುದು. ನೆಲದ ಪಯಣ, ಸಮುದ್ರಯಾನ, ಒಂದೆರಡು ದಿನಗಳ ಹೋಗಿಬರುವಿಕೆ, ದೀರ್ಘವಾದ ದೇಶಾಟನ ಇವೆಲ್ಲಕ್ಕೂ ಈ ಒಂದೇ ಶಬ್ದವು ಸಲ್ಲುತ್ತದೆ. ಆಂಗ್ಲಭಾಷೆಯಾದರೋ ಈ ಅರ್ಥಗಳನ್ನು ಜರ್ನಿ, ವಾಯೇಜ್, ಟ್ರಿಪ್, ಟ್ರಾವೆಲ್ ಎಂಬ ಪದಗಳಿಗೆ ಹಂಚಿದೆ. ಆದುದರಿಂದ ಮೂಲಲೇಖಕನು ಹೇಳದೆ ಬಿಟ್ಟುದನ್ನು ಅನುವಾದಕನು ತಾನೇ ನಿರ್ಣಯಿಸಬೇಕಾಗುತ್ತದೆ.

ವ್ಯುತ್ಪತ್ತಿಯನ್ನೇ ನಂಬಿದರೆ ದಾರಿ ತಪ್ಪುವುದು. ವಿಯಾಹೆ, ವಾಯೇಜ್ ಎರಡೂ ಲ್ಯಾಟಿನ್ನಿನ ‘ವಿಯಾತಿಕುಂ’ ಎಂಬುದರಿಂದ ಹುಟ್ಟಿದವು. ‘ವಿಯಾ’ ಎಂದರೆ ದಾರಿ. ವಿಯಾತಿಕುಂ ಎಂದರೆ ದಾರಿಯ ಬುತ್ತಿ. ಪಥಿನ್ ಶಬ್ದದಿಂದ ಪಾಥೇಯವನ್ನು ಸಾಧಿಸುವ ಸಂಸ್ಕೃತಜ್ಞರಿಗೆ ಇದು ಹೊಸತಲ್ಲ. ಆದರೂ ವಾಯೇಜ್ ಎಂಬುದು ಈಗ ಮುಖ್ಯವಾಗಿ ಸಮುದ್ರಯಾನಕ್ಕೂ ಅಂತರಿಕ್ಷಯಾನಕ್ಕೂ ರೂಢವಾಗಿದೆ. ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬ ಶಾಸ್ತ್ರನಿಯಮವು ಇಲ್ಲಿಯೂ ಸಲ್ಲುತ್ತದೆ. ಜರ್ನಿಯ ದಾಯಾದಿಯಾದ ಸ್ಪ್ಯಾನಿಷ್ ‘ಹೊರ್ನಾದಾ’ ಒಂದು ದಿನದ ಕೆಲಸವನ್ನೋ ನಡಿಗೆಯನ್ನೋ ಹೇಳುತ್ತದೆ. ಜರ್ನಿಯಲ್ಲಿ ಆ ದಿನದ ಅರ್ಥವು ಅಳಿದುಹೋಗಿದೆ. ಟ್ರಾವೆಲ್ಲಿನ ಬಂಧುವಾದ ‘ತ್ರಬಾಹೊ’ ಎಂಬುದಕ್ಕಂತೂ ದುಡಿಮೆಯೆಂದೇ ಅರ್ಥ. ಹಿಂದಿನವರ ಪ್ರಯಾಣ ಎಷ್ಟು ಸುಖದ್ದಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ!

ಟ್ರಾವೆಲ್ ಸಾಮಾನ್ಯವಾಚಕ, ಒಂದು ನಿರ್ದಿಷ್ಟ ಪ್ರಯಾಣವನ್ನು ‘ಎ ಟ್ರಾವೆಲ್’ ಎನ್ನುವಂತಿಲ್ಲ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕಾರ್ಯನಿಮಿತ್ತ ಹೋಗಿ ಹಿಂದಿರುಗುವುದು ಟ್ರಿಪ್. 1492ರಲ್ಲಿ ಕೊಲಂಬಸನು ಕೈಕೊಂಡ ವಿಯಾಹೆಯು ವಾಯೇಜೇ ಹೊರತು ಟ್ರಿಪ್ ಆಗಲಾರದು.

ಇಷ್ಟು ತಿಳಿದ ಮೇಲೂ ಸಂದೇಹವುಳಿಯುವ ಸ್ಥಳಗಳುಂಟು. ಸೆರ್ವಾಂತೆಸನು 1614ರಲ್ಲಿ ‘ವಿಯಾಹೆ ದೆಲ್ ಪಾರ್ನಾಸೊ’ ಎಂಬ ವಿನೋದಕಾವ್ಯವನ್ನು ಪ್ರಕಟಿಸಿದನು. 1870ರಲ್ಲಿ ಗಿಲ್ ಎಂಬಾತನು ಅದನ್ನು ‘ವಾಯೇಜ್’ ಎಂದೂ, 1883ರಲ್ಲಿ ಗಿಬ್ಸನ್ನನು ‘ಜರ್ನಿ’ ಎಂದೂ ಆಂಗ್ಲಕ್ಕೆ ತಂದರು. ಕಾವ್ಯದಲ್ಲಿ ಕವಿಯು ಮ್ಯಾಡ್ರಿಡ್ಡನ್ನು ಬಿಟ್ಟು ಕಾರ್ತಹೇನಾ ರೇವಿಗೆ ಬರುತ್ತಾನೆ; ಅಲ್ಲಿ ಮರ್ಕ್ಯುರಿದೇವನ, ಪದ್ಯಗಳಿಂದಲೇ ಕಟ್ಟಿದ ಹಡಗನ್ನು ಏರುತ್ತಾನೆ; ಕಡೆಗೆ ಮ್ಯಾಡ್ರಿಡ್ಡಿಗೇ ಮರಳುತ್ತಾನೆ. ಆ ಹಡಗೇ ಕಾವ್ಯದ ಚಮತ್ಕಾರದ ನೆಲೆಯಾದುದರಿಂದ ಗಿಲ್ಲನ ಪದವನ್ನು ಪ್ರಮಾದವೆನ್ನಲಾಗದು. ಆದರೆ ವಾಯೇಜ್ ಎಂದೊಡನೆ ಮೊದಲಿನ ಮತ್ತು ಕೊನೆಯ ನೆಲದ ದಾರಿಗಳು ಹೆಸರಿನಿಂದ ಹೊರಗುಳಿಯುತ್ತವೆ. ಜರ್ನಿಯಾದರೋ ನೆಲ ನೀರುಗಳೆರಡನ್ನೂ ಒಳಗೊಳ್ಳುತ್ತದೆ. ಮೂಲಪದದಂತೆ ಅದು ವಾಹನವನ್ನು ಮುಂದಾಗಿ ಹೇಳಿಬಿಡುವುದಿಲ್ಲ. ವಾಚಕನು ಪದ್ಯದ ಹಡಗನ್ನು ಕಾರ್ತಹೇನಾದಲ್ಲಿಯೇ ಮೊದಲು ಕಾಣಬೇಕೆಂದಿದ್ದರೆ ಗಿಬ್ಸನ್ನನ ಶೀರ್ಷಿಕೆಯೇ ಮೇಲು.