ಕೌದಿಗೆ ಯಂತ್ರ ಬೇಕೇ?

ಪ್ರಶ್ನೆ: ಬಟ್ಟೆ ಕತ್ತರಿಸುವ ಡೈ ಕಟರ್ ಹೇಗೆ ಕೆಲಸ ಮಾಡುತ್ತದೆ? ಕೌದಿ ಹೊಲಿಯಲು ಕೊಳ್ಳಬಹುದೇ?

ಉತ್ತರ: ಬಿಸ್ಕತ್ತಿನ ಅಚ್ಚನ್ನು ನೆನೆಸಿಕೊಳ್ಳಿ. ಹಲಗೆಯಲ್ಲಿ ಚೌಕ, ತ್ರಿಕೋನದ ಆಕಾರಕ್ಕೆ ಕೂರಿಸಿದ ಉಕ್ಕಿನ ಅಲಗು, ಸುತ್ತ ಸ್ಪಂಜು. ಮೇಲೆ ನಾಲ್ಕಾರು ಪದರ ಹತ್ತಿಬಟ್ಟೆ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಹಿಡಿಕೆ ತಿರುಗಿಸಿದರೆ ಗಾಣಕ್ಕೆ ಕೊಟ್ಟ ಕಬ್ಬಿನಂತೆ ಹಲಗೆ ಎರಡು ಉರುಳೆಗಳ ನಡುವೆ ಸಾಗುತ್ತದೆ. ಸ್ಪಂಜು ಅದುಮಿಕೊಂಡು ಅಲಗು ಬಟ್ಟೆಯನ್ನು ಕತ್ತರಿಸುತ್ತದೆ. ಹೊಲಿಗೆಗೆ ಬಿಡುವ ಕಾಲಿಂಚೂ ಸಾಮಾನ್ಯವಾಗಿ ಅಚ್ಚಿನಲ್ಲೇ ಸೇರಿರುತ್ತದೆ. ಬಟ್ಟೆಯ ಹಾಸಿನ ಎಳೆ ಹಲಗೆ ಸಾಗುವ ದಿಕ್ಕಿಗೇ ಇರಲಿ. ಹೊಕ್ಕಿನೆಳೆ ಹೆಚ್ಚು ಹಿಗ್ಗುತ್ತದೆ, ಚೌಕ ಸೊಟ್ಟಗಾದೀತು.

ಒಂದೇ ಅಳತೆಯ ನೂರಾರು ತುಂಡು ಬೇಡುವ ಅಮೆರಿಕದ ಕ್ವಿಲ್ಟಿಗೆ ಇದು ವರವೇ ಸರಿ. ಹಳೆ ಬಟ್ಟೆಯಲ್ಲಿ ಹೊಲಿಯುವ ಕೌದಿಗೆ? ಅಜ್ಜಿಯ ಸೀರೆಯಲ್ಲಿ ಗಟ್ಟಿ ಉಳಿದಷ್ಟೇ ಅಲ್ಲಿಯ ಅಳತೆ. ಕತ್ತರಿ ಸಾಕು.