ನಿಕ್ಕಲ್ ಒಗ್ಗದವರ ಆಹಾರದಲ್ಲಿ ಮಣ್ಣಿಲ್ಲದೆ ಬೆಳೆದ ತರಕಾರಿಗಳು

ಅಗ್ಗದ ಲೋಹದ ಓಲೆಯನ್ನೋ ಬಳೆಯನ್ನೋ ಧರಿಸಿದ ಕೆಲವರಿಗೆ, ಅದು ತಗಲಿದ ಸ್ಥಳದಲ್ಲಿ ತುರಿಕೆಯೂ ಕೆಂಪು ಗುಳ್ಳೆಗಳೂ ಏಳುವುದನ್ನು ಎಲ್ಲರೂ ಕಂಡಿರುವರು. ಇದಕ್ಕೆ ಬಹುಮಟ್ಟಿಗೆ ಕಾರಣವು ನಿಕ್ಕಲ್ ಎಂಬ ಲೋಹ. ಈ ದೋಷವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಂಥವರಲ್ಲಿ ಕೆಲವರಿಗೆ ಒಡವೆಯನ್ನು ತೆಗೆದಿಟ್ಟ ಮೇಲೂ ಅಂಗೈ ಬೆರಳುಗಳಲ್ಲಿ ಕಜ್ಜಿಯು ಮರುಕಳಿಸುವುದುಂಟು. ಆಹಾರದ ಮೂಲಕ ಒಳಸೇರುವ ನಿಕ್ಕಲ್ಲೇ ಆಗ ಕಾರಣವಾಗಿರಬಹುದು. ಮಣ್ಣಿಲ್ಲದೆ ಬೆಳೆದ ತರಕಾರಿಯು ಇವರಿಗೆ ಎಷ್ಟರಮಟ್ಟಿಗೆ ಉಪಯುಕ್ತ, ಅದನ್ನು ಬೆಳೆಯಲು ಹಣ ಹೂಡುವುದು ಯುಕ್ತವೇ, ಎಂಬುದನ್ನು ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆ ಪ್ರಾಂತದ ಮುಖಂಡರೂ ಭೂಮಾಲೀಕರೂ ತಿಳಿದಿರುವುದು ಒಳ್ಳೆಯದು.

ಪೈರಿಗೆ ನಿಕ್ಕಲ್ ಸೇರುವ ಬಗೆ

ನಿಕ್ಕಲ್ ಎಲ್ಲಾ ಮಣ್ಣಿನಲ್ಲಿಯೂ ಸ್ವಲ್ಪವಾದರೂ ಇದ್ದೇ ಇರುತ್ತದೆ. ಬಿಳಿಯ ಕಣಶಿಲೆಯಿಂದಾದ ಮಣ್ಣಿಗಿಂತ ಕಪ್ಪು ಬಣ್ಣದ ಭಾರವಾದ ಶಿಲೆಗಳಿಂದಾದ ಮಣ್ಣಿನಲ್ಲಿ ಇದರ ಪ್ರಮಾಣ ಹೆಚ್ಚು. ಚಿನ್ನದ ಎಳೆಗಳಿರುವ ಕೋಲಾರದ ಶಿಲಾಪಟ್ಟಿಯು ಈ ಎರಡನೆಯ ಜಾತಿಗೆ ಸೇರಿದ್ದು. ಅದರ ಎರಡು ಮಗ್ಗುಲಲ್ಲಿಯೂ ಕಣಶಿಲೆಯ ಜಾತಿಯ ನೆಲವು ಹರಡಿರುತ್ತದೆ. ಆದಕಾರಣ ಒಂದೇ ತಾಲ್ಲೂಕಿನ ಎರಡು ಗ್ರಾಮಗಳ ಮಣ್ಣು ಈ ವಿಷಯದಲ್ಲಿ ಒಂದೇ ಬಗೆಯಾಗಿರಬೇಕೆಂಬ ನಿಯಮವಿಲ್ಲ. ಮಣ್ಣು ಹುಳಿಯಾದಷ್ಟೂ ನಿಕ್ಕಲ್ ನೀರಿನಲ್ಲಿ ಕರಗಿ ಬೇರಿಗೆ ಸುಲಭವಾಗಿ ಒದಗುತ್ತದೆ. ಸುಣ್ಣ ಹಾಕಿದರೆ ಕಡಮೆಯಾಗುತ್ತದೆ.

ಈ ಲೋಹವು ಪೈರಿಗೆ ಕೇವಲ ವಿಷವೆಂದು ತಿಳಿಯಬಾರದು. ಅತ್ಯಲ್ಪ ಪ್ರಮಾಣದಲ್ಲಿ ಅದು ಪೈರಿಗೆ ಅವಶ್ಯಕವೆಂದು ೧೯೮೭ರಲ್ಲಿ ಬಾರ್ಲಿಯ ಮೇಲೆ ನಡೆದ ಪ್ರಯೋಗಗಳಿಂದ ಸಿದ್ಧವಾಯಿತು. ಯೂರಿಯವನ್ನು ಜೀರ್ಣಿಸಿಕೊಳ್ಳಲು ಪೈರಿಗೆ ಇದು ಬೇಕು. ಪೈರು ತಾನು ಹೀರಿದ್ದರಲ್ಲಿ ಬಹು ಭಾಗವನ್ನು ಬೀಜಕ್ಕೆ ಸಾಗಿಸುವುದರಿಂದ ಬೇಳೆಕಾಳು, ಕಡಲೆಕಾಯಿ, ಗೋಡಂಬಿ, ಸೋಯಾ, ತವುಡು ತೆಗೆಯದ ಧಾನ್ಯ, ಕೋಕೋ, ಇವುಗಳಲ್ಲಿ ನಿಕ್ಕಲ್ ಅಧಿಕ. ಸೊಪ್ಪುಗಳಲ್ಲಿ ಮಧ್ಯಮ. ಹಾಲು, ಮೊಟ್ಟೆ, ಪಾಲಿಷ್ ಮಾಡಿದ ಅಕ್ಕಿ, ಸೌತೆ, ಕುಂಬಳ ಮುಂತಾದವುಗಳಲ್ಲಿ ಕಡಮೆ.

ಎಷ್ಟು ಸೇರಿದರೆ ಕೆಡುಕು

ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಅಭಿಪ್ರಾಯದಂತೆ, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೧೩ ಮೈಕ್ರೋಗ್ರಾಮಿನವರೆಗೆ ನಿಕ್ಕಲ್ ಸೇರಿದರೆ ಬಾಧಕವಿಲ್ಲ. ಅಂದರೆ ೫೦ ಕಿಲೋಗ್ರಾಂ ತೂಕದವರಿಗೆ ೬೫೦ ಮೈಕ್ರೋಗ್ರಾಂ. ಆದರೆ ನಿಕ್ಕಲ್ ಒಗ್ಗದವರಲ್ಲಿ ಒಂದೇ ಸಲಕ್ಕೆ ಕಿಲೋಗ್ರಾಮಿಗೆ ೪.೩ ಮೈಕ್ರೋಗ್ರಾಂ ಸೇರಿದರೂ ಚರ್ಮದ ಬಾಧೆಯು ಮರುಕಳಿಸಿದ್ದುಂಟು. ರಕ್ತದಲ್ಲಿ ಕಬ್ಬಿಣದ ಅಂಶ ಸಾಲದವರ ಕರುಳು ನಿಕ್ಕಲ್ಲನ್ನು ಹೆಚ್ಚಾಗಿ ಹೀರುವುದರಿಂದ, ರಕ್ತಹೀನತೆಯುಳ್ಳ ಹೆಂಗಸರು ಮೊದಲು ಅದಕ್ಕೆ ಚಿಕಿತ್ಸೆ ಪಡೆಯತಕ್ಕದ್ದು.

ಮಣ್ಣಿಲ್ಲದ ಬೇಸಾಯ

ಇದು ಹೊಸ ಚಮತ್ಕಾರವಲ್ಲ. ೧೮೬೦ರ ದಶಕದಲ್ಲಿಯೇ ಜರ್ಮನಿಯ ವಿದ್ವಾಂಸರು ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸಿದ್ದರು. ನಮ್ಮ ದೇಶದಲ್ಲಿ ೧೯೪೬ರಲ್ಲಿ ಬಂಗಾಳದ ಕಾಲಿಂಪೊಂಗ್ ಪ್ರದೇಶದಲ್ಲಿ ಶೋಲ್ಟೊ ಡಗ್ಲಸ್ ಎಂಬುವರು ಇದರ ಪ್ರಯೋಗಗಳನ್ನು ನಡೆಸಿದರು. ಈಚೆಗೆ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವ ಕ್ರಮವನ್ನೂ ಅದಕ್ಕೆ ತಕ್ಕ ಪೋಷಕ ದ್ರಾವಣವನ್ನೂ ಸಿದ್ಧಪಡಿಸಿದೆ.

ಬೇರಿಗೆ ಒದಗುವ ಪ್ರತಿಯೊಂದು ಪದಾರ್ಥವನ್ನೂ ನಾವೇ ಅಳೆದು ಕೊಡುವುದರಿಂದ, ನಿಕ್ಕಲ್ಲನ್ನು ಸೇರಿಸದೆ ಬಿಡಲು ಇದರಲ್ಲಿ ಅವಕಾಶವಿದೆ. ಹಾಗೆಂದು ಅದು ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಬಾವಿಯ ನೀರು, ನಾರಿನ ಪುಡಿ, ಗೊಬ್ಬರದೊಡನೆ ಬರುವ ಕಲ್ಮಷ, ಬಿತ್ತಿದ ಬೀಜ, ಈ ನಾಲ್ಕು ದಾರಿಗಳಿಂದ ಅಷ್ಟಿಷ್ಟು ಬರುತ್ತದೆ. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

೧. ಕೆಲಸಕ್ಕೆ ತೊಡಗುವ ಮುನ್ನ ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಬೇಕು. ಸಾಧ್ಯವಾದರೆ ಮಳೆಯ ನೀರನ್ನು ಕೂಡಿಟ್ಟು ಉಪಯೋಗಿಸುವುದು ಮೇಲು.

೨. ನಾರಿನ ಪುಡಿಯನ್ನು ಉಪ್ಪಿನಂಶ ಹೋಗುವವರೆಗೆ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಚೀಲಗಳಿಗೆ ನೀರು ಬಸಿದುಹೋಗುವಂತೆ ತೂತುಗಳಿರಬೇಕು.

೩. ಗಣಿಯ ಸಯನೈಡ್ ದಿಬ್ಬಗಳ ಮರಳನ್ನು ಎಷ್ಟು ಮಾತ್ರವೂ ಬೆರೆಸಕೂಡದು. ೧೮೮೦ರ ದಶಕದಿಂದ ೨೦೦೧ರಲ್ಲಿ ಗಣಿಯು ಮುಚ್ಚುವವರೆಗೆ ಅರೆದು ಚಿನ್ನ ತೆಗೆದ ಕಲ್ಲಿನ ಪುಡಿಯೇ ಆ ದಿಬ್ಬಗಳಾಗಿ ನಿಂತಿರುವುದು. ಗಾಳಿಯ ದಿನಗಳಲ್ಲಿ ಅಲ್ಲಿಂದ ಏಳುವ ಧೂಳು ಎಲೆಗಳ ಮೇಲೆ ಕೂರದಂತೆ ಮರೆ ಕಟ್ಟಬೇಕು.

೪. ಪೂರ್ತಿ ಕರಗುವ ಶುದ್ಧ ಗೊಬ್ಬರಗಳನ್ನೇ ಕೊಳ್ಳಬೇಕು. ರಂಜಕದ ಗೊಬ್ಬರದಲ್ಲಿ ಲೋಹಗಳ ಕಲ್ಮಷವಿರುವ ಸಂಭವ ಹೆಚ್ಚು. ಸಾರಜನಕವನ್ನು ನೈಟ್ರೇಟ್ ರೂಪದಲ್ಲಿ ಕೊಡಬೇಕೇ ಹೊರತು ಯೂರಿಯ ಕೂಡದು. ನಿಕ್ಕಲ್ ಸಾಲದ ಪೈರಿನಲ್ಲಿ ಯೂರಿಯವು ಕರಗದೆ ಶೇಖರವಾಗಿ ಎಲೆಯ ತುದಿಗಳು ಸುಟ್ಟುಹೋಗುತ್ತವೆ.

೫. ಟೊಮೇಟೊ, ಪಾಲಕ್ ಮುಂತಾದವುಗಳಿಗೆ ಈ ಶ್ರಮ ಸಾರ್ಥಕ. ಸೌತೆ ಕುಂಬಳಗಳಲ್ಲಿ ನಿಕ್ಕಲ್ ಸಹಜವಾಗಿಯೇ ಕಡಮೆಯಾದುದರಿಂದ ನಿಕ್ಕಲ್ ಸಲುವಾಗಿ ಅವಕ್ಕೆ ಈ ವೆಚ್ಚವು ಬೇಕಿಲ್ಲ.

ಅಡಿಗೆಮನೆಯ ಎಚ್ಚರಿಕೆ

ಹೊಲದಲ್ಲಿ ಮಾಡಿದ ಪ್ರಯತ್ನವು ಪಾತ್ರೆಯಲ್ಲಿ ಹಾಳಾಗಬಾರದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಾಮಾನ್ಯವಾಗಿ ನಿಕ್ಕಲ್ ಬೆರೆತಿರುತ್ತದೆ. ಹೊಸ ಸ್ಟೀಲ್ ಪಾತ್ರೆಯಲ್ಲಿ ಟೊಮೇಟೊ ಸಾರನ್ನೋ ಹುಣಿಸೆಯ ಹುಳಿಯನ್ನೋ ಬಹಳ ಹೊತ್ತು ಕುದಿಸಿದರೆ ಲೋಹವು ಸಾರಿಗೆ ಇಳಿಯುತ್ತದೆ. ಪಾತ್ರೆಯು ಬಳಕೆಯಾದಂತೆ ಇದು ಕಡಮೆಯಾಗುತ್ತದೆ. ನಿಕ್ಕಲ್ ಒಗ್ಗದವರ ಮನೆಯಲ್ಲಿ ಹುಳಿಯ ಅಡಿಗೆಗೆ ಮಣ್ಣಿನ ಮಡಕೆಯು ಉತ್ತಮ. ರಾತ್ರಿಯೆಲ್ಲಾ ಕೊಳಾಯಿಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಸ್ವಲ್ಪ ಹೊತ್ತು ಹರಿಯಬಿಟ್ಟು ಅನಂತರ ಹಿಡಿಯಬೇಕು.

ಮುಖಂಡರ ಗಮನಕ್ಕೆ

ತುರಿಕೆಯೆಲ್ಲವೂ ನಿಕ್ಕಲ್ಲಿನಿಂದಲೇ ಆದುದಲ್ಲ. ಚರ್ಮವೈದ್ಯರು ನಿಕ್ಕಲ್ ಲವಣದ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ, ೪೮ ಘಂಟೆಗಳ ಮೇಲೆ ತೆಗೆದು ನೋಡಿ, ಒಂದೆರಡು ದಿನಗಳ ನಂತರ ಮತ್ತೆ ನೋಡಿ ನಿರ್ಣಯಿಸುವರು. ಈ ಪರೀಕ್ಷೆಯಾಗದೆ ಆಹಾರವನ್ನು ಬದಲಿಸಕೂಡದು. ರಾಗಿ, ಅವರೆ, ತೊಗರಿ, ಹುರುಳಿಗಳು ಈ ಸೀಮೆಯ ಜನರ ಶಕ್ತಿಯ ಮೂಲ. ಕೇವಲ ಅನುಮಾನದಿಂದ ಬಸುರಿಯರಿಗೂ ಮಕ್ಕಳಿಗೂ ಇವನ್ನು ತಪ್ಪಿಸಿದರೆ, ಕಜ್ಜಿ ನಿಲ್ಲದೆ ಮೈ ಮಾತ್ರ ಸೊರಗುವುದು. ದೋಷವು ನಿಶ್ಚಯವಾದವರೂ ವೈದ್ಯರ ಸಲಹೆಯಂತೆ ಕೆಲವು ವಾರ ಮಾತ್ರ ಪಥ್ಯವಿದ್ದು, ಗುಣ ಕಂಡರೆ ಮುಂದುವರಿಸಿ, ಕಾಣದಿದ್ದರೆ ಬಿಡತಕ್ಕದ್ದು. ತರಕಾರಿಯನ್ನು ಬದಲಿಸಿದ ಮಾತ್ರಕ್ಕೆ, ಕಾಳುಗಳಿಂದ ಬರುವ ಹೆಚ್ಚಿನ ಪಾಲು ಹಾಗೆಯೇ ಉಳಿಯುವುದೆಂಬುದನ್ನೂ ಮರೆಯಬಾರದು.

ಬೆಳೆಗಾರರು ಫಸಲನ್ನು ಪರೀಕ್ಷೆ ಮಾಡಿಸದೆ ‘ನಿಕ್ಕಲ್ ಇಲ್ಲದ ತರಕಾರಿ’ ಎಂದು ಹೇಳಿ ಹೆಚ್ಚಿನ ಬೆಲೆಗೆ ಮಾರುವುದು ರೋಗಿಯನ್ನು ವಂಚಿಸಿದಂತಾಗುತ್ತದೆ. ಪರೀಕ್ಷೆಯ ಅಂಕಿಯನ್ನು ತೋರಿಸಿ ‘ನಿಕ್ಕಲ್ ಕಡಮೆಯಾದದ್ದು’ ಎಂದು ಹೇಳುವುದು ನ್ಯಾಯ. ಕೊಳ್ಳುವವರು ಕೆಲವರೇ ಆದುದರಿಂದ ಮೊದಲು ನೂರಿನ್ನೂರು ಚೀಲಗಳಿಂದ ಆರಂಭಿಸಿ, ಬೇಡಿಕೆಯನ್ನು ಕಂಡು ವಿಸ್ತರಿಸುವುದು ವಿವೇಕ. ಬೇಸಾಯದ ವಿವರಗಳನ್ನು ಕೋಲಾರದ ಬಳಿಯ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ತಿಳಿಯಬಹುದು.